ಅಂಗಳದಲ್ಲೊಂದು ಎಣ್ಣೆಯ ಹನಿ

ನನಗೊಂದು ಚಟವಿದೆ. ಬೀಡಿ ಸಿಗರೇಟಿನದಲ್ಲ, ಇಸ್ಪೀಟಿನದೂ ಅಲ್ಲ. ಯಾವ ಕಾರಿನಿಂದ ಇಳಿದರೂ, ಅದು ನೆಂಟರದಿರಲಿ, ಬಾಡಿಗೆಯದಿರಲಿ, ಎರಡು ಹೆಜ್ಜೆ ಹಿಂದೆ ಸರಿದು, ಮಂಡಿಯ ಮೇಲೆ ಕೈಯೂರಿ, ಬಗ್ಗಿ ಅದರ ಹೊಟ್ಟೆಯ ಕೆಳಗೆ ನೋಡುತ್ತೇನೆ. ನೋಡಿದ ಮೇಲೆಯೇ ನನಗೆ ಊರು ತಲುಪಿದ ಸಮಾಧಾನ. ಮೊನ್ನೆ ತುಮಕೂರಿನಲ್ಲಿ ಒಂದು ಕಲ್ಯಾಣ ಮಂಟಪದ ಮುಂದೆ ಹೀಗೇ ಬಗ್ಗಿ ನಿಂತಿದ್ದೆ. ರೇಷ್ಮೆ ಪಂಚೆ ಉಟ್ಟ ಹಿರಿಯರೊಬ್ಬರು ಏನು ಬಿತ್ತು ಎಂದು ಕೇಳುತ್ತಾ ತಾವೂ ಬಗ್ಗಿದರು. ಅವರನ್ನು ನೋಡಿ ಇನ್ನೊಬ್ಬರು ಬಗ್ಗಿದರು. ಉಂಗುರವಂತೆ ಎಂದು ಯಾರೋ ಹೇಳಿದರು, ಪಚ್ಚೆ ಹರಳಿನದಂತೆ ಎಂದು ಮತ್ತೆ ಯಾರೋ ಸೇರಿಸಿದರು. ಓಲಗದವನೊಬ್ಬ ನಾಗಸ್ವರವನ್ನು ಕಂಕುಳಲ್ಲಿ ಇರುಕಿಕೊಂಡು ಹುಡುಕಲು ಬಂದ. ಕೊನೆಗೆ ನನ್ನ ಹೆಂಡತಿ ಸರೋಜ ಬಂದು, ಏನೂ ಬಿದ್ದಿಲ್ಲ, ಇವರು ಮೊದಲಿನಿಂದಲೂ ಹೀಗೇ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ ನನ್ನನ್ನು ಊಟದ ಪಂಕ್ತಿಗೆ ಎಳೆದುಕೊಂಡು ಹೋದಳು.

ಮೊದಲಿನಿಂದಲೂ ಎಂದಳಲ್ಲ, ಆ ಮೊದಲು ಯಾವುದು ಎಂದು ನಿಮಗೆ ಹೇಳಬೇಕು. ಪಾಯಸ ಬರುವವರೆಗೆ ನಾನು ಅದನ್ನೇ ನೆನೆಯುತ್ತಾ ಕುಳಿತಿದ್ದೆ.

ಎಂಬತ್ತರ ದಶಕದ ಶುರುವಿನ ಮಾತು. ನಾನು ಮಧುಗಿರಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಮನೆಯಲ್ಲಿ ಅಮ್ಮ, ನಾನು, ಹೊಸದಾಗಿ ಮದುವೆಯಾಗಿ ಬಂದ ಸರೋಜ. ಶಾಲೆಗೆ ಹೋಗಿ ಬರಲು ಒಂದು ಸೈಕಲ್ ಕೊಳ್ಳೋಣವೆಂದು ಹೊರಟವನು ಕಾರು ಕೊಂಡು ಮನೆಗೆ ಬಂದೆ. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಕಂಟ್ರಾಕ್ಟರು ತನ್ನ ಹಿತ್ತಿಲಲ್ಲಿ ಸೈಕಲ್ ತೋರಿಸಲು ಕರೆದುಕೊಂಡು ಹೋದಾಗ, ಅದರ ಪಕ್ಕದಲ್ಲಿ ಕೋಳಿಗಳನ್ನು ಹೊತ್ತು ನಿಂತಿದ್ದ ಬೂದು ಬಣ್ಣದ ಕಾರು ಕಣ್ಣಿಗೆ ಬಿತ್ತು. ಅವನು ಸೈಕಲ್ಲಿಗೆ ಹೇಳಿದ ಬೆಲೆಗೂ ಕಾರಿಗೆ ಹೇಳಿದ ಬೆಲೆಗೂ ನಾನು ಅಂದುಕೊಂಡಷ್ಟು ವ್ಯತ್ಯಾಸವಿರಲಿಲ್ಲ. ಅಷ್ಟು ಅಗ್ಗವಾಗಿ ಯಾಕೆ ಕೊಡುತ್ತಿದ್ದಾನೆ ಎಂದು ಯೋಚಿಸುವ ಬುದ್ಧಿ ಆ ಹೊತ್ತಿಗೆ ನನಗೆ ಇರಲಿಲ್ಲ, ಬಂದದ್ದು ಮಾರನೆಯ ಬೆಳಿಗ್ಗೆ.

ಕಾರಿಗೆ ಎರಡು ಕಾಯಿಲೆ. ಒಂದು, ಎಂಜಿನ್ನಿನಿಂದ ಎಣ್ಣೆ ಸೋರುವುದು. ಇನ್ನೊಂದು, ಡೈನಮೊ ಕೈಕೊಡುವುದು. ಎಂಜಿನ್ ತಿರುಗುವಾಗ ಬೆಲ್ಟಿನ ಮೂಲಕ ತಾನೂ ತಿರುಗಿ, ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುವುದು ಡೈನಮೊದ ಕೆಲಸ. ಈಗಿನ ಕಾರುಗಳಲ್ಲಿ ಆ ಜಾಗದಲ್ಲಿ ಆಲ್ಟರ್ನೇಟರ್ ಕೂತಿದೆ, ಕೆಲಸ ಅದೇ. ಅದು ನಿಂತುಹೋದರೆ ಸ್ಟೇರಿಂಗಿನ ಮುಂದೆ ಒಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬ್ಯಾಟರಿಯಲ್ಲಿ ಉಳಿದಿರುವುದೇ ಗತಿ. ನಮ್ಮ ಕಾರಿನಲ್ಲಿ ಉಳಿದ ಎಲ್ಲ ದೀಪಗಳೂ ಮನಸ್ಸು ಬಂದಾಗ ಉರಿಯುತ್ತಿದ್ದವು. ಈ ಕೆಂಪು ದೀಪ ಮಾತ್ರ ಕರ್ತವ್ಯ ತಪ್ಪಿದ್ದಿಲ್ಲ.

ಎಣ್ಣೆಯ ವಿಷಯದಲ್ಲಿ ಅಮ್ಮನಿಗೆ ಬೇಸರವೇನೂ ಇರಲಿಲ್ಲ. ಕಾರು ನಿಲ್ಲುವ ಜಾಗದಲ್ಲಿ ಒಡೆದ ಮಡಕೆಯ ಒಂದು ಓಡು ಇಟ್ಟಿದ್ದಳು. ಬೆಳಿಗ್ಗೆ ಅದರಲ್ಲಿ ಬಿದ್ದಿರುತ್ತಿದ್ದ ಎಣ್ಣೆಯನ್ನು ಬಾಗಿಲಿನ ತಿರುಗಣಿಗೆ, ಬಾವಿಯ ರಾಟೆಗೆ ಹಾಕುತ್ತಿದ್ದಳು. ಅಕ್ಕಪಕ್ಕದವರೂ ಬಂದು ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ನಮ್ಮ ಬೀದಿಯಲ್ಲಿ ಕಿರುಗುಟ್ಟುವ ರಾಟೆ ಒಂದೂ ಉಳಿಯಲಿಲ್ಲ. ನನಗೂ ಆ ವಾಸನೆ ಹೊಸದಲ್ಲ. ಕೊಳಾಲದ ಹತ್ತಿರ ನನ್ನ ತಾತನ ಊರು. ತಾತನ ಎತ್ತಿನ ಗಾಡಿಯ ಹಿಂದೆ ಕೀಲೆಣ್ಣೆಯ ಬಿದಿರಿನ ಗೊಟ್ಟ ತೂಗಾಡುತ್ತಿತ್ತು. ಹರಳೆಣ್ಣೆಗೆ ಹುಲ್ಲಿನ ಕರಿ ಬೆರೆಸಿ ಮಾಡಿದ ಕಪ್ಪು ಪಾಕ ಅದು. ಬೇಸಿಗೆ ರಜೆಗೆ ಹೋದ ಮೊಮ್ಮಕ್ಕಳೆಲ್ಲ ಅದರಲ್ಲಿ ಬೆರಳದ್ದಿ ಮೀಸೆ ಬರೆದುಕೊಳ್ಳುತ್ತಿದ್ದೆವು. ಹೆಣ್ಣುಮಕ್ಕಳೂ ಬರೆದುಕೊಳ್ಳುತ್ತಿದ್ದರು. ಅಜ್ಜಿ ಸೀಗೆಪುಡಿ ಹಾಕಿ ತುಟಿ ಕಿತ್ತುಹೋಗುವಂತೆ ತಿಕ್ಕಿದರೂ ಆ ಮೀಸೆ ಪೂರ್ತಿ ಹೋಗುತ್ತಿರಲಿಲ್ಲ. ರಜೆ ಮುಗಿಸಿ ಶಾಲೆಗೆ ಬಂದ ಮೊದಲ ದಿನ ಮೇಷ್ಟ್ರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡುತ್ತಿದ್ದರು. ಹೀಗೆ ಬೆಳೆದವನಿಗೆ ಗಾಡಿಯೆಂದರೆ ಎಣ್ಣೆ ಇದ್ದದ್ದೇ ಅನ್ನಿಸುವುದು ಸಹಜ.

ನನ್ನ ಮಾವನಿಗೆ ಹಾಗನ್ನಿಸಲಿಲ್ಲ.

ಮಾವನವರದು ಪಾವಗಡ. ಅಲ್ಲಿ ಅವರಿಗೆ ಒಂದು ಕಡಲೆಕಾಯಿ ಎಣ್ಣೆಯ ಮಿಲ್ಲು. ಬೆಳಗಿನಿಂದ ಸಂಜೆಯವರೆಗೆ ಎಣ್ಣೆಯ ನಡುವೆಯೇ ಓಡಾಡುವ ಮನುಷ್ಯನ ಪಂಚೆಯ ಮೇಲೆ ಒಂದು ಕಲೆ ಇರುತ್ತಿರಲಿಲ್ಲ. ಅವರ ಮನೆಯಲ್ಲಿ ಯಾರಾದರೂ ಒಂದು ತೊಟ್ಟು ಎಣ್ಣೆ ಚೆಲ್ಲಿದರೆ ಎಲ್ಲರ ಮಾತೂ ನಿಂತುಹೋಗುತ್ತಿತ್ತು. ಎಣ್ಣೆ ಚೆಲ್ಲುವುದು ಅಪಶಕುನ ಎಂಬುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ನಂಬಿಕೆಯೇ. ಆದರೆ ನಾವು ಬಟ್ಟೆಯಲ್ಲಿ ಒರೆಸಿ ಮರೆಯುತ್ತೇವೆ. ಮಾವ ಮರೆಯುತ್ತಿರಲಿಲ್ಲ. ಯಾವ ವರ್ಷ ಯಾರ ಕೈಯಿಂದ ಎಲ್ಲಿ ಚೆಲ್ಲಿತು, ಆಮೇಲೆ ಏನೇನಾಯಿತು ಎಂಬುದೆಲ್ಲ ಅವರಿಗೆ ಬಾಯಿಪಾಠ.

ಸರೋಜಳ ಸೀಮಂತ ಮುಗಿದು ಅವಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಬಿಡುವ ಕಾಲ ಬಂದಾಗ, ಬಸ್ಸಿನ ಕುಲುಕಾಟ ಯಾಕೆ, ನಮ್ಮದೇ ಕಾರಿನಲ್ಲಿ ಹೋಗೋಣ ಎಂದೆ. ಹೊರಡುವಾಗ ಎಲ್ಲ ಸರಿಯಾಗಿಯೇ ಇತ್ತು. ಮಿಡಿಗೇಶಿ ಹತ್ತಿರ ಬರುತ್ತಿದ್ದಂತೆ ಕೆಂಪು ದೀಪ ಹೊತ್ತಿಕೊಂಡಿತು. ನಾನು ಗಾಬರಿ ತೋರಿಸದೆ ಬೆಟ್ಟದ ಕೋಟೆಯ ವಿಷಯ ಹೇಳತೊಡಗಿದೆ. ಸರೋಜ ಕೋಟೆಯನ್ನು ನೋಡದೆ ದೀಪವನ್ನೇ ನೋಡುತ್ತಿದ್ದಳು. ಕೊನೆಗೆ ನಿಜ ಹೇಳಬೇಕಾಯಿತು. ಡೈನಮೊ ನಿಂತಿದೆ, ಬ್ಯಾಟರಿಯಲ್ಲಿರುವ ಕರೆಂಟನ್ನು ಪಾವಗಡದವರೆಗೆ ಉಳಿಸಿಕೊಳ್ಳಬೇಕು, ಹಾಗಾಗಿ ಹಾರನ್ ಹೊಡೆಯುವಂತಿಲ್ಲ ಎಂದೆ.

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಎದುರಿಗೆ ರಸ್ತೆ ತುಂಬ ಕುರಿ. ಕುರಿಯವನು ಮಂದೆಯ ಮುಂದೆ ಎಲ್ಲೋ ದೂರದಲ್ಲಿ ಹೆಗಲ ಮೇಲೆ ಕೋಲಿಟ್ಟುಕೊಂಡು ನಡೆಯುತ್ತಿದ್ದಾನೆ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ. ಪಾಠ ಹೇಳುವ ಗಂಟಲಾದರೂ ಕುರಿಗಳು ನನ್ನ ವಿದ್ಯಾರ್ಥಿಗಳಂತೆಯೇ ನಡೆದುಕೊಂಡವು. ಆಗ ಸರೋಜ ಕಾಲ ಬಳಿ ಇದ್ದ ಟಿಫನ್ ಕ್ಯಾರಿಯರ್ ಎತ್ತಿ ಮಡಿಲಲ್ಲಿಟ್ಟುಕೊಂಡು, ಮುಚ್ಚಳ ತೆಗೆದು ಕಿಟಕಿಯ ಆಚೆ ಹಿಡಿದು, ಚಮಚದಿಂದ ಬಡಿಯತೊಡಗಿದಳು. ಕುರಿಗಳು ಎರಡು ಕಡೆಗೂ ಸರಿದು ದಾರಿ ಬಿಟ್ಟವು. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ, ಅಲ್ಲಿಂದ ಮುಂದೆ ಎಮ್ಮೆಗೂ ಸೈಕಲ್ಲಿಗೂ ಬಡಿದಳು, ಏನೂ ಇಲ್ಲದ ಖಾಲಿ ರಸ್ತೆಯಲ್ಲೂ ಬಡಿದಳು. ಇಬ್ಬರೂ ನಗುತ್ತಾ ಪಾವಗಡ ಸೇರಿದೆವು. ಮಿಲ್ಲಿನ ಮುಂದೆ ಊರಿನ ನಾಲ್ಕು ಜನ ದೊಡ್ಡವರ ಜೊತೆ ನಿಂತಿದ್ದ ಮಾವ, ತಮ್ಮ ತುಂಬು ಬಸುರಿ ಮಗಳು ಕಾರಿನ ಕಿಟಕಿಯಲ್ಲಿ ಮುಚ್ಚಳ ಬಡಿಯುತ್ತಾ ಬೀದಿಗೆ ಬಂದದ್ದನ್ನು ನೋಡಿದರು.

ಅವರೇ ಮುಂದೆ ಬಂದು ಮಗಳನ್ನು ಇಳಿಸಿಕೊಂಡರು. ಊಟವಾಯಿತು, ಬ್ಯಾಟರಿಗೆ ಚಾರ್ಜ್ ಹಾಕಿಸಿ ತಂದದ್ದೂ ಆಯಿತು. ನಾನು ಹೊರಡಲು ಕಾರನ್ನು ಹಿಂದೆ ತೆಗೆದಾಗ, ಸಾರಿಸಿದ ಅಂಗಳದಲ್ಲಿ, ಅತ್ತೆ ಬೆಳಿಗ್ಗೆ ಬಿಟ್ಟಿದ್ದ ರಂಗೋಲಿಯ ಅಂಚಿಗೆ, ಕಪ್ಪಗೆ ಹೊಳೆಯುವ ಒಂದು ಮಡು. ಮಾವ ಅದನ್ನು ನೋಡಿದರು, ಬೆರಳಲ್ಲಿ ಮುಟ್ಟಿ ಮೂಸಿದರು, ನನ್ನನ್ನು ಪಕ್ಕಕ್ಕೆ ಕರೆದರು. ಆ ಕಡೆಯವರ ಕನ್ನಡದಲ್ಲಿ ತೆಲುಗು ಸೇರಿರುತ್ತದೆ. ಮಾವನಿಗೆ ಮನಸ್ಸಿಗೆ ನೋವಾದಾಗ ಅದು ಇನ್ನೂ ಸ್ವಲ್ಪ ಹೆಚ್ಚಾಗುತ್ತಿತ್ತು.

"ಅಳಿಯಂದ್ರೇ, ನೀವು ಓದ್ದೋರು, ನಿಮ್ ಗಾಡೀಲಿ ನೀವು ಹೆಂಗಾದ್ರೂ ಓಡಾಡ್ರಿ. ಆದ್ರೆ ಬಾಗ್ಲಲ್ಲಿ ಎಣ್ಣೆ ಚೆಲ್ಲೋ ಗಾಡೀಲಿ ನಾನು ಬಾಣ್ತೀನ, ಕೂಸನ್ನ ಕಳ್ಸಲ್ಲ. ಬಸ್ಸೈತೆ, ನಾನೇ ಕರ್ಕಂಡ್ ಬಂದು ಬುಡ್ತೀನಿ. ಏಮಂಟಾರು?"

ಏನನ್ನಲಿ? ತಾತನ ಗಾಡಿಯ ಕೀಲೆಣ್ಣೆಯ ಗೊಟ್ಟದ ಕತೆ ಹೇಳಿ, ಎತ್ತಿನ ಗಾಡಿಯಲ್ಲಿ ಎಣ್ಣೆ ತೊಟ್ಟಿಕ್ಕಿದರೆ ಯಾರೂ ಅಪಶಕುನ ಅನ್ನುತ್ತಿರಲಿಲ್ಲವಲ್ಲ ಎಂದು ವಾದಿಸಿದೆ. ಗಾಡಿಗೆ ಎಣ್ಣೆ ನಾವು ಹಾಕುತ್ತೇವೆ, ನಿಮ್ಮದು ತಾನಾಗಿ ಚೆಲ್ಲುತ್ತದೆ, ಹಾಕುವುದು ಬೇರೆ ಚೆಲ್ಲುವುದು ಬೇರೆ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಬಿ.ಎಡ್.ನಲ್ಲಿ ಕಲಿತ ತರ್ಕವನ್ನೆಲ್ಲ ಮಡಚಿಟ್ಟು ಕಾರು ಹತ್ತಿದೆ.

ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನೋಡಲು ಹೋದಾಗಲೆಲ್ಲ ಕಾರನ್ನು ಮಾವನ ಮನೆಯಿಂದ ದೂರ, ಹುಣಸೆ ಮರದ ಕೆಳಗೆ ನಿಲ್ಲಿಸಿ ನಡೆದು ಹೋಗುತ್ತಿದ್ದೆ. ಬಾಣಂತನ ಮುಗಿಯುವ ಕಾಲ ಹತ್ತಿರ ಬಂದಂತೆ ನನ್ನ ಕಣ್ಣ ಮುಂದೆ ಒಂದೇ ಚಿತ್ರ. ಮುಂದೆ ಬಸ್ಸು, ಅದರಲ್ಲಿ ಮಾವನ ಪಕ್ಕ ಕುಳಿತ ಸರೋಜ, ಅವಳ ತೊಡೆಯ ಮೇಲೆ ನನ್ನ ಮಗಳು. ಹಿಂದೆ ಬಸ್ಸಿನ ಹೊಗೆ ಕುಡಿಯುತ್ತಾ ಖಾಲಿ ಕಾರಿನಲ್ಲಿ ನಾನು. ನಗು ಬರುವ ಚಿತ್ರವೇ, ಆದರೆ ನನಗೆ ಬರುತ್ತಿರಲಿಲ್ಲ. ಮಗಳು ಮೊದಲ ಸಲ ಮನೆಗೆ ಬರುವುದು ನಾನು ಓಡಿಸುವ ಕಾರಿನಲ್ಲಿ ಎಂದು ಅವಳು ಹುಟ್ಟುವ ಮೊದಲೇ ಆಸೆ ಕಟ್ಟಿಕೊಂಡಿದ್ದೆ. ಅದು ತಪ್ಪಿಹೋಗುತ್ತದೆಂದು ನಿಜವಾಗಿ ಸಂಕಟವಾಗುತ್ತಿತ್ತು.

ಸಿರಾದಲ್ಲಿ ರಹೀಂ ಸಾಬರ ಶೆಡ್ಡಿಗೆ ನನ್ನ ಓಡಾಟ ಶುರುವಾಯಿತು. ಒಳ್ಳೆಯ ಮೆಕ್ಯಾನಿಕ್, ಒಳ್ಳೆಯ ಮನುಷ್ಯ. ಕಾಯಿಲೆ ಕೇಳುವ ಮೊದಲು ಚಹಾ ತರಿಸುತ್ತಿದ್ದರು. ಕಾರಿನ ಕೆಳಗೆ ಗೋಣಿಚೀಲ ಹಾಸಿ ಮಲಗಿ ನೋಡಿ, ಎಣ್ಣೆ ತುಂಬಿರುವ ಸಂಪಿನ ತಳದ ಬೋಲ್ಟಿನಿಂದ ಹನಿ ಬೀಳುತ್ತಿದೆ, ಅದರ ವಾಷರ್ ಹೋಗಿದೆ ಎಂದರು. ವಾಷರ್ ಹಾಕಿದರು. ಹನಿ ನಿಲ್ಲಲಿಲ್ಲ. ಹಾಗಾದರೆ ಸಂಪಿನ ಅಂಚಿಗೆ ಹಾಕುವ ಪ್ಯಾಕಿಂಗ್ ಪಟ್ಟಿ ಎಂದರು, ಅದನ್ನೂ ಬದಲಾಯಿಸಿದರು. ಒಂದು ವಾರ ಕೂಡ ಆಗಲಿಲ್ಲ, ಅಮ್ಮನ ಓಡಿನಲ್ಲಿ ಮತ್ತೆ ಎಣ್ಣೆ. ಹಿಂದಿನ ಆಯಿಲ್ ಸೀಲ್ ಇರಬೇಕು ಎಂದರು, ಅದೂ ಆಯಿತು.

ಡೈನಮೊದ ಕತೆಯೂ ಇದೇ. ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ ಎಂದು ಹೊಸದು ಹಾಕಿದರು. ಕೆಂಪು ದೀಪ ಆರಿತು. ಕೆಲವು ದಿನಕ್ಕೆ ಮತ್ತೆ ಹೊತ್ತಿತು. ಬೆಲ್ಟು ಬಿಗಿ ಮಾಡಿದರು, ಆರಿತು, ಮತ್ತೆ ಹೊತ್ತಿತು. ವೈರು ಬದಲಾಯಿಸಿದರು, ಬ್ಯಾಟರಿಗೆ ಹೊಸ ಆಸಿಡ್ ಹಾಕಿಸಿದರು. ಒಂದು ವಾರ ಎಣ್ಣೆಗೆ ಚಿಕಿತ್ಸೆ, ಒಂದು ವಾರ ಕರೆಂಟಿಗೆ ಚಿಕಿತ್ಸೆ. ಎರಡೂ ಬೇರೆ ಬೇರೆ ಕಾಯಿಲೆ ಎಂಬುದರಲ್ಲಿ ರಹೀಂ ಸಾಬರಿಗೂ ನನಗೂ ಸಂಶಯವೇ ಇರಲಿಲ್ಲ. ನಮ್ಮಿಬ್ಬರ ಸ್ನೇಹ ಬೆಳೆದಷ್ಟು ಕಾರಿನ ಆರೋಗ್ಯ ಬೆಳೆಯಲಿಲ್ಲ.

ಸಂಕ್ರಾಂತಿ ಕಳೆದಿತ್ತು. ರಹೀಂ ಸಾಬರು ಎಂಜಿನ್ನನ್ನೆಲ್ಲ ಒರೆಸಿ, ಸಂಪಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಈ ಸಲ ಬೇಫಿಕರ್ ಆಗಿ ಹೋಗಿ ಎಂದು ಕಳಿಸಿದ್ದರು. ಪಾವಗಡಕ್ಕೆ ಹೋಗುವ ಮೊದಲು ಒಂದು ಸುತ್ತು ಓಡಿಸಿ ನೋಡೋಣವೆಂದು ಭಾನುವಾರ ಕೊರಟಗೆರೆ ದಾಟಿ ತೋವಿನಕೆರೆಯ ಕಡೆ ಹೊರಟೆ. ಅಲ್ಲಿ ನನ್ನ ಜೊತೆಯ ಮೇಷ್ಟ್ರೊಬ್ಬರ ಮನೆ ಇತ್ತು.

ಆ ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಹೋದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹುರುಳಿ ಕಿತ್ತ ಮೇಲೆ ಕಣಕ್ಕಿಂತ ಟಾರು ರಸ್ತೆಯೇ ಲೇಸು. ಗಿಡಗಳನ್ನು ತಂದು ರಸ್ತೆಯ ಮೇಲೆ ಉದ್ದಕ್ಕೂ ಹರವಿಬಿಡುತ್ತಾರೆ. ಹೋಗಿ ಬರುವ ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಮನೆಯವರು ಪಕ್ಕದ ಮರದ ನೆರಳಿನಲ್ಲಿ ಕೂತು, ವಾಹನ ಹೋದ ಮೇಲೆ ಗಿಡ ಮಗುಚಿ ಹಾಕುತ್ತಾರೆ. ಇದಕ್ಕೆ ಯಾರೂ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಆದರೆ ಓಡಿಸುವವನು ನಿಧಾನವಾಗಿ, ನೇರವಾಗಿ ಹೋಗಬೇಕು, ಹುರುಳಿಯ ಮೇಲೆ ಬ್ರೇಕ್ ಹಾಕಬಾರದು ಎಂಬ ಮರ್ಯಾದೆ ಇದೆ. ನನಗೆ ಆ ಚರಚರ ಸದ್ದು ಬಹಳ ಇಷ್ಟ. ಓಡಿಸುತ್ತಾ ಓಡಿಸುತ್ತಾ ನಾನೂ ಯಾರದೋ ಸಂಸಾರಕ್ಕೆ ಒಂದಷ್ಟು ಕೆಲಸ ಮಾಡಿಕೊಟ್ಟೆ ಅನ್ನಿಸುತ್ತದೆ. ಅವತ್ತು ದಾರಿಯುದ್ದಕ್ಕೂ ಹುರುಳಿ. ಕಾರಿನ ಸುತ್ತ ಬೂದು ಧೂಳು ಎದ್ದು, ನಾನು ಕೆಮ್ಮುತ್ತಾ ಸಂತೋಷವಾಗಿ ಹೋದೆ. ಗೆಳೆಯರ ಮನೆಯಲ್ಲಿ ಕಾಫಿ ಕುಡಿದು ಅದೇ ದಾರಿಯಲ್ಲಿ ಹಿಂದಿರುಗಿದೆ.

ಒಂದು ತಿರುವಿನಲ್ಲಿ ರಸ್ತೆಯ ನಡುವೆ ಒಬ್ಬ ಅಜ್ಜಿ ಕವೆಗೋಲು ಅಡ್ಡ ಹಿಡಿದು ನಿಂತಿದ್ದಳು. ಹುರುಳಿಯ ಒಡತಿ. ಪಕ್ಕದಲ್ಲಿ ಅವಳ ಸೊಸೆ ಮೊರ ಹಿಡಿದು ನಿಂತಿದ್ದಳು. ಅಜ್ಜಿ ಕೋಲಿನಿಂದ ನೆಲ ತೋರಿಸಿದಳು. ನಾನು ಹೋಗುವಾಗ ಹಾದಿದ್ದ ಗೆರೆಗುಂಟ ಹುರುಳಿಯ ಮೇಲೆ ಕಪ್ಪು ಹನಿಗಳು, ಅಲ್ಲೊಂದು ಇಲ್ಲೊಂದು.

"ನಾವು ಹುಳ್ಳಿ ತುಳ್ಸಕ್ಕೆ ಹಾಕಿರೋದು ಕಣಪ್ಪ, ಒಗ್ಗರಣೆ ಹಾಕ್ಸಕ್ಕಲ್ಲ."

ಈ ಎಣ್ಣೆ ನನ್ನದಲ್ಲ ಎಂದು ಧೈರ್ಯವಾಗಿಯೇ ಹೇಳಿದೆ. ನಿನ್ನೆ ತಾನೇ ರಿಪೇರಿಯಾಗಿ ಬಂದ ಕಾರು, ಬೇಕಾದರೆ ನೋಡಿ ಎಂದು ಅವಳನ್ನೇ ಕರೆದು, ನ್ಯಾಯಾಲಯದಲ್ಲಿ ಸಾಕ್ಷಿ ತೋರಿಸುವವನ ಗತ್ತಿನಲ್ಲಿ ಬಾನೆಟ್ ಎತ್ತಿದೆ.

ಎತ್ತಿದವನು ಹಾಗೇ ನಿಂತುಬಿಟ್ಟೆ. ರಹೀಂ ಸಾಬರು ಒರೆಸಿ ಕಳಿಸಿದ್ದ ಎಂಜಿನ್ನಿನ ಮೇಲೆಲ್ಲ ಹುರುಳಿಯ ಧೂಳು ಕೂತಿತ್ತು. ಮೇಲಿನಿಂದ ಕೆಳಗಿನವರೆಗೆ ವಿಭೂತಿ ಬಳಿದ ಹಾಗೆ ಒಂದೇ ಸಮನೆ ಬೂದು ಬಣ್ಣ. ಅದರ ನಡುವೆ ಒಂದೇ ಒಂದು ಕಡೆ ಧೂಳು ನೆನೆದು ಕಪ್ಪಗಾಗಿತ್ತು. ಎಂಜಿನ್ನಿನ ನೆತ್ತಿಯಲ್ಲಿರುವ ಟ್ಯಾಪೆಟ್ ಕವರಿನ ಮೂಲೆಯಿಂದ ಆ ಕಪ್ಪು ಗೆರೆ ಹೊರಟಿತ್ತು. ಸಣ್ಣಗೆ ಪಕ್ಕಕ್ಕೆ ಇಳಿದು, ಕೆಳಗಿದ್ದ ಡೈನಮೊದ ಮೇಲೆ ಬಿದ್ದು, ಅದನ್ನೂ ಬೆಲ್ಟನ್ನೂ ತೋಯಿಸಿ, ಅಲ್ಲಿಂದ ಸಂಪಿನ ಪಕ್ಕದಲ್ಲಿ ಜಾರಿ, ತಳದ ಬೋಲ್ಟಿನ ತುದಿಯಲ್ಲಿ ಹನಿಯಾಗಿ ತೂಗುತ್ತಿತ್ತು. ನಾವು ಇಷ್ಟು ತಿಂಗಳೂ ಹನಿ ಬೀಳುವ ಜಾಗವನ್ನು ನೋಡಿದ್ದೆವು. ಅದು ಹೊರಟ ಜಾಗವನ್ನು ನೋಡಿರಲಿಲ್ಲ. ಎರಡು ಕಾಯಿಲೆಯೂ ಅಲ್ಲ, ಇರುವುದು ಒಂದೇ. ಮೇಲಿನಿಂದ ಸೋರಿದ ಎಣ್ಣೆ ಡೈನಮೊದ ಒಳಗಿಳಿದು ಬ್ರಷ್ಷುಗಳನ್ನು ಅಂಟು ಮಾಡುತ್ತಿತ್ತು, ಬೆಲ್ಟನ್ನು ಜಾರಿಸುತ್ತಿತ್ತು. ನಾವು ಹೊಸದು ಹಾಕಿದಂತೆಲ್ಲ ಅದು ಹಳೆಯದು ಮಾಡುತ್ತಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಸಿಕ್ಕಿತು, ಸಿಕ್ಕಿತು ಎಂದು ಬಾನೆಟ್ಟಿನ ಮೇಲೆ ಕೈ ತಟ್ಟಿದೆ.

"ನಮ್ ಹುಳ್ಳಿ ಎಕ್ಕುಟ್ಟೋಗೈತೆ, ಇವಯ್ಯ ನಗ್ತಾವ್ನಲ್ಲೇ" ಎಂದು ಅಜ್ಜಿ ಸೊಸೆಗೆ ಹೇಳಿದಳು.

ಅವಳಿಗೆ ಕಾರಿನ ಕತೆ, ಮಾವನ ಕತೆ, ಮಗಳ ಕತೆ ಎಲ್ಲ ಹೇಳಿದೆ. ಕೂಸಿಗೆ ಎಷ್ಟು ತಿಂಗಳು ಎಂದು ಸೊಸೆ ಕೇಳಿದಳು. ಅಜ್ಜಿಯ ಸಿಟ್ಟು ಅರ್ಧ ಇಳಿಯಿತು. ಉಳಿದ ಅರ್ಧಕ್ಕೆ ನಾನು ಪ್ಯಾಂಟು ಮಡಚಿಕೊಂಡು ಅವರ ಜೊತೆ ಎಣ್ಣೆ ಬಿದ್ದ ಗಿಡಗಳನ್ನು ಆರಿಸಿ ತೆಗೆದೆ. ಆರಿಸಿದ್ದನ್ನೆಲ್ಲ ಅವಳು ಒಂದು ಹೊರೆ ಕಟ್ಟಿ ನನ್ನ ಡಿಕ್ಕಿಯಲ್ಲಿ ಹಾಕಿಸಿದಳು. ನಿನ್ನ ಎಣ್ಣೆ ನೀನೇ ಇಟ್ಟುಕೋ ಎಂದಳು. ಮನೆಗೆ ತಂದಾಗ ಅಮ್ಮ ಅದನ್ನು ನೀರೊಲೆಗೆ ಹಾಕಿದಳು. ಹಂಡೆಯ ನೀರು ಯಾವತ್ತಿಗಿಂತ ಬೇಗ ಕಾಯಿತು, ಹೊಗೆಯ ವಾಸನೆ ಮಾತ್ರ ಬಚ್ಚಲಲ್ಲಿ ಬಹಳ ದಿನ ಇತ್ತು.

ಎಂಜಿನ್ನನ್ನು ಒರೆಸದೆ, ಧೂಳು ಹಾಗೇ ಇದ್ದಂತೆ ಮಾರನೆಯ ದಿನ ಶಾಲೆಗೆ ರಜೆ ಹಾಕಿ ಸಿರಾಕ್ಕೆ ಓಡಿಸಿದೆ. ರಹೀಂ ಸಾಬರು ಬಾನೆಟ್ ಎತ್ತಿ, ಗೆರೆಯನ್ನು ಬೆರಳಿನಿಂದ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎಳೆದು ನೋಡಿ ನಗತೊಡಗಿದರು. ಇಷ್ಟು ದಿನ ಇದರ ಕಾಲು ಒತ್ತುತ್ತಾ ಕೂತಿದ್ದೆ, ತಲೆ ನೋಡಲೇ ಇಲ್ಲ ಎಂದು ಹಣೆ ಬಡಿದುಕೊಂಡರು. ಕವರು ಬಿಚ್ಚಿ ಒಂದು ಚಪ್ಪಟೆ ಕಲ್ಲಿನ ಮೇಲಿಟ್ಟರೆ ಒಂದು ಮೂಲೆ ಎದ್ದು ನಿಲ್ಲುತ್ತಿತ್ತು. ಹಳೆಯ ಯಜಮಾನನ ಕಾಲದಲ್ಲೇ ಯಾರೋ ಅತಿಯಾಗಿ ಬಿಗಿದು ಅದು ಸೊಟ್ಟಗಾಗಿತ್ತು. ಅದನ್ನು ಮೆಲ್ಲಗೆ ತಟ್ಟಿ ಸರಿಮಾಡಿ, ಹೊಸ ಕಾರ್ಕ್ ಪ್ಯಾಕಿಂಗ್ ಕೂರಿಸಿದರು. ಡೈನಮೊ ಬಿಚ್ಚಿದಾಗ ಒಳಗೆ ಕಾಡಿಗೆಯಂಥ ಕೆಸರು. ಪೆಟ್ರೋಲಿನಲ್ಲಿ ತೊಳೆದು, ಹೊಸ ಬ್ರಷ್ಷು ಹೊಸ ಬೆಲ್ಟು ಹಾಕಿದರು. ಕೆಂಪು ದೀಪ ಆರಿತು. ವಾರ ಕಳೆದರೂ ಹೊತ್ತಲಿಲ್ಲ. ಅಮ್ಮನ ಓಡು ಒಣಗಿ ಧೂಳು ಹಿಡಿಯಿತು. ರಾಟೆ ಕಿರುಗುಟ್ಟುತ್ತಿದೆ, ಇನ್ನು ಎಣ್ಣೆಗೆ ಏನು ಮಾಡಲಿ ಎಂದು ಅಮ್ಮ ಗೊಣಗಿದಾಗ ನನಗಾದ ಆನಂದ ಅಷ್ಟಿಷ್ಟಲ್ಲ.

ಮಗುವನ್ನು ಕರೆದುಕೊಂಡು ಬರುವ ಹಿಂದಿನ ದಿನ ಪಾವಗಡಕ್ಕೆ ಹೋದೆ. ಈ ಸಲ ಕಾರನ್ನು ಹುಣಸೆ ಮರದ ಕೆಳಗಲ್ಲ, ನೇರವಾಗಿ ಮಾವನ ಅಂಗಳಕ್ಕೆ ತಂದು ನಿಲ್ಲಿಸಿದೆ. ಎಣ್ಣೆ ನಿಂತಿದೆ ಎಂದೆ, ಆದರೆ ಬಾಯಿಮಾತನ್ನು ನಂಬುವವರಲ್ಲ ಅವರು. ಕಾರನ್ನು ಪಕ್ಕಕ್ಕೆ ತೆಗೆಸಿ, ಅತ್ತೆಯನ್ನು ಕರೆದು, ಅಂಗಳ ಸಾರಿಸಿ ನಡುವೆ ಒಂದು ರಂಗೋಲಿ ಬಿಡಿಸಲು ಹೇಳಿದರು. ಅದು ಚಕ್ರಕ್ಕೆ ಸಿಕ್ಕದಂತೆ, ಎಂಜಿನ್ನಿನ ನೇರ ಕೆಳಗೆ ಬರುವಂತೆ ಕಾರನ್ನು ಅದರ ಮೇಲೆ ನಿಲ್ಲಿಸಲು ಹೇಳಿದರು. ಹಿಂದೆ ಬನ್ನಿ, ಮುಂದೆ ಬನ್ನಿ ಎಂದು ಕೈಸನ್ನೆ ಮಾಡಿ ನಿಲ್ಲಿಸಿದವರೂ ಅವರೇ. ನಾನು ಬರೆದ ಯಾವ ಪರೀಕ್ಷೆಗೂ ಅಷ್ಟು ಹೆದರಿರಲಿಲ್ಲ.

ಬೆಳಿಗ್ಗೆ ಎದ್ದು ಬಂದಾಗ ಮಾವ ಆಗಲೇ ಅಂಗಳದಲ್ಲಿದ್ದರು. ಕಾರಿನ ಆ ಕಡೆ ಅವರು ಬಗ್ಗಿದರು, ಈ ಕಡೆ ನಾನು ಬಗ್ಗಿದೆ. ಕಾರಿನ ಕೆಳಗಿನಿಂದ ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಂಡಿತು, ನಡುವೆ ರಂಗೋಲಿ. ಒಂದು ಮೂಲೆಯನ್ನು ಕೋಳಿ ಕೆದಕಿತ್ತು. ಉಳಿದದ್ದು ಬಿಳಿಯಾಗಿ, ಬಿಟ್ಟಿದ್ದು ಬಿಟ್ಟ ಹಾಗೇ ಇತ್ತು. ಮಾವ ಬಹಳ ಹೊತ್ತು ನೋಡಿದರು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ನನ್ನ ಕಡೆ ತಿರುಗದೆ, ಒಳಗೆ ಕೇಳಿಸುವಂತೆ ಹೇಳಿದರು.

"ಸರೋಜಾ, ಕೂಸಿಗೆ ಕುಲಾವಿ ಕಟ್ಟು. ಕಾರ್ನಾಗೆ ಗಾಳಿ ಬೀಸ್ತೈತೆ."

ನನಗೆ ಕಣ್ಣು ತುಂಬಿ ಬಂತು. ರೇಡಿಯೇಟರಿಗೆ ನೀರು ಹಾಕುವ ನೆಪದಲ್ಲಿ ಬಾನೆಟ್ಟಿನ ಹಿಂದೆ ಸ್ವಲ್ಪ ಹೊತ್ತು ನಿಂತೆ.

ಮಗಳನ್ನು ಬಿಟ್ಟು ಬರಲು ಮಾವನೂ ಹೊರಟರು. ಬೀಗರ ಮನೆಗೆಂದು ಇಸ್ತ್ರಿ ಮಾಡಿದ ಪಂಚೆ, ಹೊಸ ಚಪ್ಪಲಿ. ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಆ ಕೆಂಪು ದೀಪದ ಮೇಲೆಯೇ ಕಣ್ಣಿಟ್ಟಿದ್ದರು. ಮಿಡಿಗೇಶಿ ಬಂದಾಗ ನಾನು ಉಸಿರು ಹಿಡಿದೆ, ಅವರೂ ಹಿಡಿದರು. ದೀಪ ಹೊತ್ತಲಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ, ನನ್ನ ಪುಣ್ಯವೋ ಏನೋ, ರಸ್ತೆ ತುಂಬ ಕುರಿ. ಮಾವ ಹಾರನ್ನಿನ ಕಡೆ ಕಣ್ಣು ತೋರಿಸಿದರು. ಒತ್ತಿದೆ. ಹೊಸ ಕರೆಂಟು ಕುಡಿದ ಹಾರನ್ನು ಬೆಟ್ಟಕ್ಕೆ ಕೇಳುವಂತೆ ಕೂಗಿತು. ಕುರಿಗಳು ಸರಿದವು, ಕುರಿಯವನು ತಿರುಗಿ ನೋಡಿದ, ಮಗು ಬೆಚ್ಚಿ ಅಳತೊಡಗಿತು. ಇದಕ್ಕಿಂತ ಟಿಫನ್ ಕ್ಯಾರಿಯರ್ರೇ ವಾಸಿ ಎಂದು ಹಿಂದಿನಿಂದ ಸರೋಜ ಹೇಳಿದಳು. ಮಾವನಿಗೆ ತೃಪ್ತಿಯಾಗಿರಲಿಲ್ಲ, ದಾರಿ ಖಾಲಿಯಾದ ಮೇಲೂ ಇನ್ನೊಂದು ಸಲ ಒತ್ತಿಸಿದರು.

ಮಧುಗಿರಿಯ ಮನೆ ಬಂತು. ಅಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾದಿದ್ದಳು. ಅಕ್ಕಪಕ್ಕದ ಹೆಂಗಸರೂ ಸೇರಿದ್ದರು. ಸರೋಜ ಮಗುವನ್ನೆತ್ತಿಕೊಂಡು ಇಳಿದಳು, ಮಾವ ಇಳಿದರು. ಬೀದಿ ಕಿರಿದು. ಆರತಿಗೆ ಜಾಗವಾಗಲೆಂದು ನಾನು ಕಾರನ್ನು ಹಿಂದಕ್ಕೆ ತೆಗೆದು ನಿಲ್ಲಿಸಿ ಇಳಿದೆ. ಇಳಿದವನ ಕಣ್ಣು ಅಭ್ಯಾಸದಂತೆ ನೆಲಕ್ಕೆ ಹೋಯಿತು. ಈಗ ತಾನೇ ಕಾರು ನಿಂತಿದ್ದ ಜಾಗದಲ್ಲಿ, ಅಮ್ಮ ಸಾರಿಸಿದ ಬಾಗಿಲ ಮುಂದೆ, ಒಂದು ಹನಿ. ಕಪ್ಪಗೆ, ಹೊಳೆಯುತ್ತಾ. ರಾತ್ರಿಯಿಡೀ ಬೀಳದ್ದು, ದಾರಿಯುದ್ದಕ್ಕೂ ಬೀಳದ್ದು, ಯಾವ ಸಂದಿಯಲ್ಲಿ ಅಡಗಿ ಕೂತಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ಆ ಕಾರು ಬಹಳ ಕಾಲ ಒಂದು ತೊಟ್ಟೂ ಚೆಲ್ಲಲಿಲ್ಲ.

ತಲೆಯೆತ್ತಿದೆ. ಮಾವನೂ ಅದನ್ನೇ ನೋಡುತ್ತಿದ್ದರು.

ಮಗಳು ಮೊಮ್ಮಗಳು ಹೊಸಿಲಿನ ಮುಂದೆ ನಿಂತಿದ್ದಾರೆ. ಬಾಗಿಲಲ್ಲೇ ಚೆಲ್ಲಿದ ಎಣ್ಣೆ. ಈಗ ಇವರು ಏನನ್ನುತ್ತಾರೋ ಎಂದು ನಾನು ಕಾರಿನ ಬಾಗಿಲು ಹಿಡಿದೇ ನಿಂತೆ. ಅಷ್ಟರಲ್ಲಿ ಅಮ್ಮ, ದಾರಿಯಲ್ಲಿ ಎಣ್ಣೆ ಗಿಣ್ಣೆ ಚೆಲ್ಲಲಿಲ್ಲ ತಾನೇ ಎಂದು ಬೀಗರನ್ನೇ ಕೇಳಿಬಿಟ್ಟಳು.

ಮಾವ ಒಂದು ಹೆಜ್ಜೆ ಮುಂದಿಟ್ಟರು. ಆ ಹೊಸ ಚಪ್ಪಲಿಯ ಕಾಲನ್ನು ತಂದು ಹನಿಯ ಮೇಲೆಯೇ ಊರಿದರು.

"ಒಂದ್ ಹನಿ ಇಲ್ಲ ಕಣಮ್ಮ. ನಮ್ ಅಳಿಯಂದ್ರ ಗಾಡಿ."

ಆರತಿ ನಡೆಯಿತು. ಹೆಂಗಸರು ಹಾಡಿದರು, ಮಗುವಿಗೆ ದೃಷ್ಟಿ ತೆಗೆದರು, ಸರೋಜ ಬಲಗಾಲಿಟ್ಟು ಒಳಗೆ ಹೋದಳು. ಮಾವ ಅಲ್ಲಾಡಲಿಲ್ಲ. ಆರತಿಯ ಕೆಂಪು ನೀರನ್ನು ಅಮ್ಮ ಬೀದಿಗೆ ಚೆಲ್ಲಲು ಬಂದಾಗ, ಇಲ್ಲೇ ಹಾಕಿ ಎಂದು ತಮ್ಮ ಕಾಲ ಬಳಿ ತೋರಿಸಿದರು. ಅವಳು ಹಾಕಿದ ಮೇಲೆಯೇ ಕಾಲು ತೆಗೆದು, ಚಪ್ಪಲಿ ಬಿಟ್ಟು, ಒಳಗೆ ನಡೆದರು.

ಎಲ್ಲರೂ ಒಳಗೆ ಹೋದ ಮೇಲೆ ನಾನು ಆ ಚಪ್ಪಲಿಯನ್ನು ಎತ್ತಿಕೊಂಡೆ. ಕಾರು ಒರೆಸುವ ಬಟ್ಟೆಯಿಂದ ಅದರ ಅಡಿಯನ್ನು ಕಲೆ ಹೋಗುವವರೆಗೆ ಒರೆಸಿ, ಜೋಡಿಸಿ, ಹೊಸಿಲಿನ ಪಕ್ಕದಲ್ಲಿಟ್ಟೆ.